ಅಕ್ರಂ ಹೌರಾನಿ: ಸೈನಿಕ ಶಾಲೆಗೆ ಹಳ್ಳಿ ಹುಡುಗರನ್ನು ಕಳಿಸಿದ ವಕೀಲ

ನೀರಗಂಟಿ:

ಸಿರಿಯಾ ಎಂದೊಡನೆ ನಮಗೆ ನೆನಪಾಗುವುದು ಅಸಾದ್ ತಂದೆ ಮಗನ ಐವತ್ತಕ್ಕೂ ಹೆಚ್ಚು ವರ್ಷಗಳ ಆಳ್ವಿಕೆ. ಅದಕ್ಕೂ ಮುಂಚೆ ಅಲ್ಲಿ ಚುನಾವಣೆಗಳು ನಡೆಯುತ್ತಿದ್ದವು, ಸಂಸತ್ತಿನಲ್ಲಿ ಜೋರು ಜಗಳಗಳಾಗುತ್ತಿದ್ದವು, ನಡುನಡುವೆ ಟ್ಯಾಂಕುಗಳು ರಾಜಧಾನಿಗೆ ಬಂದು ಹೋಗುತ್ತಿದ್ದವು. 1943ರಿಂದ 1963ರವರೆಗಿನ ಆ ಇಪ್ಪತ್ತು ವರ್ಷಗಳಲ್ಲಿ ಯಾವ ಪುಟ ತೆರೆದರೂ ಒಂದು ಹೆಸರು ಎದುರಾಗುತ್ತದೆ: ಅಕ್ರಂ ಅಲ್-ಹೌರಾನಿ. ಕೊನೆಯಲ್ಲಿ ತನ್ನದೇ ಪಕ್ಷದ ಹೆಸರು ಹೊತ್ತವರು ಅವರನ್ನು ದೇಶದಿಂದ ಹೊರಗಟ್ಟಿದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪರದೇಶದಲ್ಲಿದ್ದು 1996ರ ಫೆಬ್ರುವರಿಯಲ್ಲಿ ಜೋರ್ಡಾನಿನ ಅಮ್ಮಾನಿನಲ್ಲಿ ತೀರಿಕೊಂಡರು. ಕೆಲವು ದಿನಗಳಿಂದ ಇವರ ಬಗ್ಗೆಯೇ ಓದುತ್ತಿದ್ದೇನೆ. ತಲೆಯಲ್ಲಿ ಕೊರೆಯುತ್ತಿರುವುದನ್ನು ಇಲ್ಲಿ ಇಳಿಸುತ್ತಿದ್ದೇನೆ, ತಪ್ಪಿದ್ದರೆ ತಿದ್ದಿ.

ಮೊದಲು ಊರು. ಹೌರಾನಿ ಹುಟ್ಟಿದ್ದು ಹಮಾದಲ್ಲಿ, 1911ರ ಸುಮಾರಿಗೆ. ಆಸಿ ನದಿ ಈ ಊರಿನ ನಡುವೆಯೇ ಹರಿಯುತ್ತದೆ. ಪಾಶ್ಚಾತ್ಯರು ಒರೊಂಟಿಸ್ ಎನ್ನುವುದು ಇದನ್ನೇ. 'ಆಸಿ' ಎಂದರೆ ಅರಬ್ಬಿಯಲ್ಲಿ ಹೇಳಿದ ಮಾತು ಕೇಳದವನು, ಬಂಡುಕೋರ. ಸುತ್ತಲಿನ ನದಿಗಳ ಹಾಗೆ ದಕ್ಷಿಣಕ್ಕೆ ಹೋಗದೆ ಉತ್ತರಕ್ಕೆ ಹರಿಯುವುದರಿಂದ ಆ ಹೆಸರಂತೆ. ನದಿಯ ಪಾತ್ರ ತಗ್ಗಿನಲ್ಲಿದೆ, ಹೊಲ ತೋಟಗಳು ಎತ್ತರದಲ್ಲಿವೆ. ಹಾಗಾಗಿ ಮನೆಯೆತ್ತರದ ಮರದ ಚಕ್ರಗಳು ಹಗಲು ರಾತ್ರಿ ಕಿರುಗುಟ್ಟುತ್ತ ನೀರನ್ನು ಮೇಲಿನ ಕಾಲುವೆಗೆ ಎತ್ತಿ ಹಾಕುತ್ತಿದ್ದವು. ನೀರೆತ್ತುವ ಚಕ್ರವೆಂದರೆ ನನಗೆ ಹುಚ್ಚು. ನಿಜ ಹೇಳಬೇಕೆಂದರೆ ಹೌರಾನಿಯವರ ಹೆಸರು ನನಗೆ ಸಿಕ್ಕಿದ್ದೇ ಈ ಚಕ್ರಗಳ ಬಗ್ಗೆ ಓದುವಾಗ.

ಆ ನೀರು ಹೋಗುತ್ತಿದ್ದುದು ಯಾರ ಜಮೀನಿಗೆ ಎಂಬುದೇ ಮುಂದಿನ ಕಥೆ. ಬರಾಜಿ, ಅಜ್ಮ್, ಕೈಲಾನಿ, ತೈಫೂರ್ ಎಂಬ ನಾಲ್ಕು ಮನೆತನಗಳು ಹಮಾ ಸುತ್ತಲಿನ ಹಳ್ಳಿಗಳ ಬಹುಪಾಲು ಒಡೆತನ ಹೊಂದಿದ್ದವು. ಹೊಲಗಳ ಒಡೆತನ ಎನ್ನುತ್ತಿಲ್ಲ, ಹಳ್ಳಿಗಳದ್ದೇ. ರೈತ ಇದ್ದ ಮನೆಯೂ ಧಣಿಯದು. ಸಂಸತ್ತಿಗೆ ಹೋಗುವವರು ಈ ಮನೆತನಗಳವರು, ಮಂತ್ರಿಗಳೂ ಅವರೇ.

ಹೌರಾನಿಯವರ ಕುಟುಂಬ ಆ ನಾಲ್ಕರಲ್ಲಿ ಒಂದಲ್ಲ. ತಂದೆ ಚಿಕ್ಕಂದಿನಲ್ಲೇ ತೀರಿಕೊಂಡರು. ಬೈರೂತಿನಲ್ಲಿ ವೈದ್ಯಶಾಸ್ತ್ರ ಓದಲು ಹೋಗಿ ಬಿಟ್ಟರು, ದಮಾಸ್ಕಸ್ಸಿನಲ್ಲಿ ಕಾನೂನು ಓದಿ ಊರಿಗೆ ಮರಳಿ ವಕೀಲಿಕೆ ಹಿಡಿದರು. ಬಂಧುವೊಬ್ಬರು ಕಟ್ಟಿದ್ದ 'ಯುವಕರ ಪಕ್ಷ' ಎಂಬ ಸಣ್ಣ ಗುಂಪನ್ನು ಕೈಗೆತ್ತಿಕೊಂಡರು. 1941ರಲ್ಲಿ ಇರಾಕಿನಲ್ಲಿ ರಶೀದ್ ಅಲಿ ಅಲ್-ಗೈಲಾನಿ ಬ್ರಿಟಿಷರ ವಿರುದ್ಧ ಎದ್ದಾಗ ಅಲ್ಲಿಗೆ ಓಡಿದರು. 1943ರಲ್ಲಿ ಹಮಾದಿಂದ ಸಂಸತ್ತಿಗೆ ಗೆದ್ದರು. 1945ರಲ್ಲಿ ಫ್ರೆಂಚ್ ಪಡೆಗಳ ವಿರುದ್ಧ ಹಮಾ ಕೋವಿ ಹಿಡಿದಾಗ ಮುಂಚೂಣಿಯಲ್ಲಿದ್ದರು. 1948ರಲ್ಲಿ ಸಂಸದರಾಗಿದ್ದುಕೊಂಡೇ ಸ್ವಯಂಸೇವಕರಾಗಿ ಪ್ಯಾಲೆಸ್ತೀನಿಗೂ ಹೋದರು. ಕೂತಲ್ಲಿ ಕೂರುವ ಜಾತಿಯವರಲ್ಲ.

ಮುಂಜಾವು:

ಮೇಷ್ಟ್ರೇ, ಒಂದು ಸಂದೇಹ. ಸಿರಿಯಾದಲ್ಲಿ ಒಂದೇ ವರ್ಷದಲ್ಲಿ ಮೂರು ಸೈನಿಕ ಕ್ರಾಂತಿಗಳು ಆದವು ಎಂದು ಪರೀಕ್ಷೆಗೆ ಓದಿದ್ದೆ. ಸೈನಿಕನೂ ಅಲ್ಲದ ವಕೀಲರೊಬ್ಬರು ಅದನ್ನೆಲ್ಲ ದಾಟಿ ಹೇಗೆ ಉಳಿದರು?

ನೀರಗಂಟಿ:

ಉಳಿದದ್ದಷ್ಟೇ ಅಲ್ಲ, ಬೆಳೆದರು. 1949ರ ಮಾರ್ಚ್ 30ರಂದು ಹುಸ್ನಿ ಅಲ್-ಜಯೀಮ್, ಆಗಸ್ಟ್ 14ರಂದು ಸಾಮಿ ಅಲ್-ಹಿನ್ನಾವಿ, ಡಿಸೆಂಬರ್ 19ರಂದು ಅದೀಬ್ ಅಲ್-ಶಿಶಕ್ಲಿ. ಮೊದಲು ಹೌರಾನಿ ಜಯೀಮ್‌ಗೆ ಹತ್ತಿರವಿದ್ದರು, ಬೇಗ ದೂರವಾದರು. ಹಿನ್ನಾವಿ ಬಂದ ಮೇಲೆ ಕೃಷಿ ಮಂತ್ರಿಯಾದರು. ಶಿಶಕ್ಲಿ ಬಂದ ಮೇಲೆ ರಕ್ಷಣಾ ಮಂತ್ರಿ. ಈ ಶಿಶಕ್ಲಿಯೂ ಹಮಾದವರೇ, ಹೌರಾನಿಯವರ ಹಳೆಯ ಗೆಳೆಯ. 1945ರ ಹೋರಾಟದಲ್ಲಿ ಇಬ್ಬರೂ ಒಟ್ಟಿಗಿದ್ದರು.

ಹಮಾದ ಹೆಸರು ಇಲ್ಲಿಗೇ ಮುಗಿಯುವುದಿಲ್ಲ. ಜಯೀಮ್ ಜೊತೆ ಗುಂಡೇಟು ತಿಂದ ಪ್ರಧಾನಿ ಮುಹ್ಸಿನ್ ಅಲ್-ಬರಾಜಿ ಆ ನಾಲ್ಕು ಮನೆತನಗಳಲ್ಲೊಂದರವರು. ಮರುವರ್ಷ ಬೈರೂತಿನಲ್ಲಿ ಹಿನ್ನಾವಿಯನ್ನು ಕೊಂದವನು ಅದೇ ಬರಾಜಿ ಕುಟುಂಬದವನು. ರಾಜಕೀಯ ಯಾವುದು, ಮನೆತನದ ಸೇಡು ಯಾವುದು ಎಂದು ಬಿಡಿಸಿ ಹೇಳುವುದು ಕಷ್ಟ.

ಆದರೆ ನಿನ್ನ ಪ್ರಶ್ನೆಗೆ ನಿಜವಾದ ಉತ್ತರ ಹೋಮ್ಸ್ ನಗರದ ಸೈನಿಕ ಶಾಲೆಯಲ್ಲಿದೆ. ಫ್ರೆಂಚರು ಹೋದ ಮೇಲೆ ದೊಡ್ಡ ಮನೆಯವರು ತಮ್ಮ ಮಕ್ಕಳನ್ನು ಕಾನೂನು ಓದಿಸಿದರು, ಪ್ಯಾರಿಸ್ಸಿಗೆ ಕಳಿಸಿದರು. ಸೈನ್ಯ ಅವರ ಕಣ್ಣಿಗೆ ಕೆಳದರ್ಜೆಯ ನೌಕರಿ. ಆ ಶಾಲೆಗೆ ಶುಲ್ಕವಿರಲಿಲ್ಲ, ಊಟ ವಸತಿ ಸರ್ಕಾರದ್ದು. ಹೌರಾನಿ ತಮ್ಮ ಸುತ್ತಲಿನ ಬಡ ಹುಡುಗರಿಗೆ, ಹಳ್ಳಿಯ ರೈತರ ಮಕ್ಕಳಿಗೆ, ಅಲ್ಲಿ ಸೇರಿಕೊಳ್ಳಿ ಎಂದರು. ಕೆಲವೇ ವರ್ಷಗಳಲ್ಲಿ ಲೆಫ್ಟಿನೆಂಟುಗಳೂ ಕ್ಯಾಪ್ಟನ್‌ಗಳೂ ಅವರನ್ನು ಅಣ್ಣನೆಂದು ಕಾಣುವವರೇ ಆದರು. ದಮಾಸ್ಕಸ್ಸಿನ ಯಾವ ಹಿರಿಯ ರಾಜಕಾರಣಿಯ ಬಳಿಯೂ ಆ ಬಂಡವಾಳ ಇರಲಿಲ್ಲ.

ತಕರಾರು:

ನೀರಗಂಟಿಯವರ ಬರಹ ಸೊಗಸಾಗಿದೆ. ಆದರೆ ಆರತಿ ಎತ್ತುವುದಕ್ಕೆ ಮುಂಚೆ ಸ್ವಲ್ಪ ತಡೆಯಿರಿ. ನೀವೇ ಬರೆದಿದ್ದೀರಿ: ಒಂಬತ್ತು ತಿಂಗಳಲ್ಲಿ ಮೂರು ಸೈನಿಕ ಕ್ರಾಂತಿ, ಮೂರರಲ್ಲೂ ಈತ ಯಾರದೋ ಪಕ್ಕದಲ್ಲಿದ್ದಾನೆ, ಎರಡರ ನಂತರ ಮಂತ್ರಿಗಿರಿ. ಚುನಾಯಿತ ಸಂಸತ್ತಿನ ಸದಸ್ಯನೊಬ್ಬ ಅದೇ ಸಂಸತ್ತಿಗೆ ಬೀಗ ಹಾಕಿದವರ ಜೊತೆ ಕೂತರೆ ಅದನ್ನು ಏನೆಂದು ಕರೆಯಬೇಕು? ನಾನು ವಕೀಲ, ಆತನೂ ವಕೀಲ. ಕಕ್ಷಿದಾರನ ಪರ ವಾದಿಸುವುದು ಬೇರೆ, ನ್ಯಾಯಾಲಯಕ್ಕೇ ಬೆಂಕಿ ಇಡುವವನಿಗೆ ಕಡ್ಡಿಪೆಟ್ಟಿಗೆ ಕೊಡುವುದು ಬೇರೆ.

ಸಿರಿಯಾದ ಸೈನ್ಯವನ್ನು ರಾಜಕೀಯಕ್ಕೆ ಎಳೆದ ನಾಗರಿಕರ ಪಟ್ಟಿ ಮಾಡಿದರೆ ಮೊದಲ ಹೆಸರು ಈತನದೇ. ಮುಂದೆ ಆ ಸೈನ್ಯ ಯಾರನ್ನೂ ಬಿಡಲಿಲ್ಲ, ಈತನನ್ನೂ ಬಿಡಲಿಲ್ಲ. ಗಡೀಪಾರಾದ ಎಂದು ಮರುಗುವವರು ಅಷ್ಟನ್ನಾದರೂ ಒಪ್ಪಬೇಕು.

ಒಕ್ಕಲಮಗಳು:

ತಕರಾರು ಅವರೇ, ಆ ನ್ಯಾಯಾಲಯದಲ್ಲಿ ರೈತನ ಅರ್ಜಿಯನ್ನು ಯಾರಾದರೂ ತೆಗೆದುಕೊಳ್ಳುತ್ತಿದ್ದರೇ?

ಹಮಾ ಸೀಮೆಯಲ್ಲಿ ನಡೆಯುತ್ತಿದ್ದುದು ಕೋರಿನ ಬೇಸಾಯ. ಸುಗ್ಗಿಯ ಕಣದಲ್ಲಿ ಧಣಿಯ ಕಡೆಯವನು ನಿಂತು ಅಳೆಯುತ್ತಿದ್ದ. ಅರ್ಧ ಅವನಿಗೆ, ಬೀಜ ನೀರು ಅವನದಾದರೆ ಇನ್ನೂ ಹೆಚ್ಚು. ಉಳಿದದ್ದರಲ್ಲಿ ಸಾಲಕ್ಕೆ ಮುರಿದುಕೊಂಡು ಕೊಡುತ್ತಿದ್ದುದು ಎಷ್ಟು ಎಂದು ನೀವೇ ಲೆಕ್ಕ ಹಾಕಿ. ನನ್ನ ಅಜ್ಜನೂ ಗೇಣಿ ಒಕ್ಕಲಾಗಿದ್ದವರು, ಕಣದಲ್ಲಿ ಅಳೆಯುವವನ ಕೈ ನೋಡುವುದು ಎಂದರೇನೆಂದು ನಮ್ಮ ಮನೆಯಲ್ಲಿ ಈಗಲೂ ಮಾತು ಬರುತ್ತದೆ. ಇನ್ನು ಅಲ್ಲಿನ ಸಂಸತ್ತು. 1947ರವರೆಗೆ ಅಲ್ಲಿ ಎರಡು ಹಂತದ ಚುನಾವಣೆ. ಜನ ಮತ ಹಾಕುವುದು ಮಧ್ಯವರ್ತಿ ಮತದಾರರಿಗೆ, ಅವರು ಆರಿಸುವುದು ಸಂಸದರನ್ನು. ಹಳ್ಳಿಯ ಮಧ್ಯವರ್ತಿ ಧಣಿಯ ಮಾತು ಮೀರುತ್ತಾನೆಯೇ? ನೇರ ಚುನಾವಣೆ ಬೇಕೆಂದು ಒತ್ತಾಯಿಸಿದವರಲ್ಲಿ ಇದೇ ಹೌರಾನಿ ಇದ್ದರು. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

1950ರಲ್ಲಿ ಅವರು ತಮ್ಮ ಗುಂಪಿಗೆ ಅರಬ್ ಸಮಾಜವಾದಿ ಪಕ್ಷ ಎಂದು ಹೆಸರಿಟ್ಟರು. 1951ರ ಸೆಪ್ಟೆಂಬರಿನಲ್ಲಿ ಅಲೆಪ್ಪೋದಲ್ಲಿ ರೈತರ ಸಮಾವೇಶ ಕರೆದರು, ಸಾವಿರಾರು ಮಂದಿ ಬಂದರು. ಪಟ್ಟಣಕ್ಕೆ ಬಂದರೆ ಧಣಿಯ ಬಾಗಿಲಲ್ಲಿ ಕೈಕಟ್ಟಿ ನಿಲ್ಲುತ್ತಿದ್ದವರು ಬೀದಿಯಲ್ಲಿ ಮೆರವಣಿಗೆ ಹೊರಟರು. ಪುಟ್ಟಿ ಸಲಿಕೆ ತನ್ನಿ, ಆಗಾನನ್ನೂ ಬೇಯನ್ನೂ ಹೂಳೋಣ ಎಂಬ ಅರ್ಥದ ಘೋಷಣೆ ಆ ಚಳವಳಿಯದು. ಆಗಾ, ಬೇ ಎಂದರೆ ಜಮೀನ್ದಾರರಿಗಿದ್ದ ಬಿರುದುಗಳು. ಪುಟ್ಟಿ ಮತ್ತು ಸಲಿಕೆ! ಕೋವಿ ಅಲ್ಲ, ಕತ್ತಿಯೂ ಅಲ್ಲ, ಮನೆಯಲ್ಲಿದ್ದ ಸಾಮಾನು. ಇದು ಓದಿದವರ ಮೇಜಿನ ಮೇಲೆ ಹುಟ್ಟಿದ ಮಾತಲ್ಲ ಎಂದು ನನಗೆ ಅನ್ನಿಸುತ್ತದೆ.

ತಕರಾರು:

ಘೋಷಣೆ ಚೆನ್ನಾಗಿದೆ, ಒಪ್ಪುತ್ತೇನೆ. ನೇರ ಚುನಾವಣೆಯ ಮಾತನ್ನೂ ಒಪ್ಪುತ್ತೇನೆ. ಸಲಿಕೆಯ ಹಿಂದೆ ಹೋಮ್ಸ್ ಶಾಲೆಯ ಪಿಸ್ತೂಲು ಇತ್ತು ಎಂಬುದನ್ನು ಮಾತ್ರ ಬಿಟ್ಟುಕೊಡುವುದಿಲ್ಲ.

ಕಡಲಕರೆ:

ನಾನು ಅಮ್ಮಾನಿನ ಔಷಧಾಲಯವೊಂದರಲ್ಲಿ ಏಳು ವರ್ಷ ಕೆಲಸ ಮಾಡಿದವನು, ಆಮೇಲೆ ಮಂಗಳೂರಿಗೆ ಬಂದೆ. ನಮ್ಮ ಲೆಕ್ಕ ಬರೆಯುತ್ತಿದ್ದ ಹಿರಿಯರು ಹಮಾದವರು. 1982ರಲ್ಲಿ ಊರು ಬಿಟ್ಟಿದ್ದರು. ಆ ವರ್ಷದ ಫೆಬ್ರುವರಿಯಲ್ಲಿ ಏನಾಯಿತೆಂದು ಇಲ್ಲಿ ಎಲ್ಲರಿಗೂ ಗೊತ್ತಿರಬಹುದು: ಮುಸ್ಲಿಂ ಬ್ರದರ್‌ಹುಡ್ ದಂಗೆಯೆದ್ದಾಗ ಹಾಫಿಜ್ ಅಸಾದ್ ಸೈನ್ಯ ಹಮಾವನ್ನು ವಾರಗಟ್ಟಲೆ ಸುತ್ತುವರಿದು ಸಾವಿರಾರು ಜನರನ್ನು ಕೊಂದಿತು. ನದಿದಂಡೆಯ ಕೈಲಾನಿಯಾ ಎಂಬ ಹಳೆಯ ಬಡಾವಣೆ ನೆಲಸಮವಾಯಿತು. ಹೆಸರಿನಿಂದಲೇ ಗೊತ್ತಾಗುತ್ತದೆ, ಅದು ಆ ನಾಲ್ಕು ಮನೆತನಗಳಲ್ಲೊಂದರ ಜಾಗ.

ಆ ಹಿರಿಯರ ತಂದೆ ನೇಯ್ಗೆಯವರು, ಹೌರಾನಿಗೆ ಮತ ಹಾಕಿದವರು. ಮನೆಯ ಹೆಂಗಸರು ಮಾತ್ರ ಹೌರಾನಿ ಹೆಸರೆತ್ತಿದರೆ ಸಿಟ್ಟಾಗುತ್ತಿದ್ದರಂತೆ. ಧಣಿಗಳನ್ನು ಓಡಿಸುವುದಕ್ಕೆ ಹಳ್ಳಿಯವರನ್ನು ಎಬ್ಬಿಸಿದ, ಎದ್ದ ಹಳ್ಳಿಯವರು ಬೂಟು ಹಾಕಿಕೊಂಡು ನಮ್ಮ ಮನೆಗೇ ಬಂದರು ಎನ್ನುವುದು ಅವರ ವಾದ. ಅದು ಪೂರ್ತಿ ನ್ಯಾಯವಾದ ಮಾತಲ್ಲ ಎಂದು ಹಿರಿಯರೇ ಹೇಳುತ್ತಿದ್ದರು. ಹೇಳಿ ಸುಮ್ಮನಾಗುತ್ತಿದ್ದರು.

ವೇದಿಕೆ ನಿರ್ವಾಹಕ:

ದಯವಿಟ್ಟು 1982ರ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಹೌರಾನಿಯವರ ವಿಷಯಕ್ಕೆ ಬನ್ನಿ.

ನೀರಗಂಟಿ:

ಬರುತ್ತೇನೆ. ಕಡಲಕರೆ ಅವರ ಮಾತಿಗೆ ಆಮೇಲೆ ಮರಳಬೇಕಾಗುತ್ತದೆ, ಅದು ವಿಷಯದ ಹೊರಗಿನದಲ್ಲ.

ಶಿಶಕ್ಲಿ ಗೆಳೆಯರಾಗಿ ಬಹಳ ದಿನ ಉಳಿಯಲಿಲ್ಲ. 1952ರಲ್ಲಿ ಪಕ್ಷಗಳನ್ನೆಲ್ಲ ನಿಷೇಧಿಸಿದರು. ಹೌರಾನಿ ಲೆಬನಾನಿಗೆ ಪಾರಾದರು. ಅದೇ ಹೊತ್ತಿಗೆ ಅಲ್ಲಿಗೆ ಬಂದ ಇನ್ನಿಬ್ಬರು ಮಿಷೆಲ್ ಅಫ್ಲಾಕ್ ಮತ್ತು ಸಲಾಹುದ್ದೀನ್ ಅಲ್-ಬಿತಾರ್, ದಮಾಸ್ಕಸ್ಸಿನ ಶಾಲಾ ಮೇಷ್ಟ್ರುಗಳು, ಬಾಥ್ ಪಕ್ಷದ ಸ್ಥಾಪಕರು. ಅವರ ಬಳಿ ಸಿದ್ಧಾಂತವಿತ್ತು, ವಿದ್ಯಾರ್ಥಿಗಳಿದ್ದರು. ಇವರ ಬಳಿ ರೈತರಿದ್ದರು, ಸೈನ್ಯಾಧಿಕಾರಿಗಳಿದ್ದರು. ಎರಡೂ ಪಕ್ಷಗಳು ಒಂದಾದವು. ಬಾಥ್ ಪಕ್ಷದ ಹೆಸರಿನಲ್ಲಿ ನಾವು ಕಾಣುವ 'ಸಮಾಜವಾದಿ' ಎಂಬ ಪದ ಹೌರಾನಿ ತಂದ ವರದಕ್ಷಿಣೆ.

1954ರ ಫೆಬ್ರುವರಿಯಲ್ಲಿ ಶಿಶಕ್ಲಿ ಬಿದ್ದರು. ಅಲೆಪ್ಪೋದ ರೇಡಿಯೋ ಕೇಂದ್ರ ಹಿಡಿದು ಬಂಡಾಯ ಸಾರಿದವರು ಕ್ಯಾಪ್ಟನ್ ಮುಸ್ತಫಾ ಹಮ್ದೂನ್, ಮತ್ತೆ ಹಮಾದವರು, ಹೌರಾನಿಯವರ ಶಿಷ್ಯ. ತಕರಾರು ಅವರ ಪಿಸ್ತೂಲು ಇದೇ. ಆದರೆ ಈ ಸಲ ಪಿಸ್ತೂಲು ಹಿಡಿದವರು ಸಂಸತ್ತಿನ ಬೀಗ ತೆಗೆದು ಬ್ಯಾರಕ್ಕಿಗೆ ಮರಳಿದರು ಎಂಬುದನ್ನು ಅವರು ಗಮನಿಸಬೇಕು. ಆ ಸೆಪ್ಟೆಂಬರಿನ ಚುನಾವಣೆ ಅರಬ್ ದೇಶಗಳಲ್ಲೇ ಅಪರೂಪದ ಮುಕ್ತ ಚುನಾವಣೆ. ಬಾಥ್ ದೊಡ್ಡ ಶಕ್ತಿಯಾಯಿತು, ಹಮಾದಲ್ಲಿ ಹೌರಾನಿ ಬಣ ಗೆದ್ದಿತು. 1957ರ ಅಕ್ಟೋಬರಿನಲ್ಲಿ ಅವರು ಸಂಸತ್ತಿನ ಸಭಾಧ್ಯಕ್ಷರಾದರು.

ಮರುತಿಂಗಳು ಈಜಿಪ್ಟಿನ ಸಂಸದರ ನಿಯೋಗ ದಮಾಸ್ಕಸ್ಸಿಗೆ ಬಂತು, ಮುಂದಾಳು ಅನ್ವರ್ ಸಾದತ್. ಜಂಟಿ ಅಧಿವೇಶನದಲ್ಲಿ ಎರಡೂ ದೇಶಗಳು ಒಂದಾಗಬೇಕೆಂಬ ನಿರ್ಣಯ. 1958ರ ಜನವರಿಯಲ್ಲಿ ಸಿರಿಯಾದ ಸೈನ್ಯಾಧಿಕಾರಿಗಳ ಗುಂಪೊಂದು ಸರ್ಕಾರವನ್ನೂ ಸರಿಯಾಗಿ ಕೇಳದೆ ವಿಮಾನ ಹತ್ತಿ ಕೈರೋಗೆ ಹೋಯಿತು. ಒಂದಾಗೋಣ ಎಂದು ಈಜಿಪ್ಟಿನ ಅಧ್ಯಕ್ಷ ನಾಸರ್ ಮುಂದೆ ನಿಂತರು. ನಾಸರ್ ಹಾಕಿದ ಷರತ್ತು: ಪಕ್ಷಗಳು ವಿಸರ್ಜನೆಯಾಗಬೇಕು, ಸೈನ್ಯ ರಾಜಕೀಯ ಬಿಡಬೇಕು. ಬಾಥ್ ನಾಯಕರು ತಮ್ಮ ಪಕ್ಷವನ್ನು ತಾವೇ ಮುಚ್ಚಲು ಒಪ್ಪಿದರು! ಫೆಬ್ರುವರಿ 22ರಂದು ಸಂಯುಕ್ತ ಅರಬ್ ಗಣರಾಜ್ಯ ಹುಟ್ಟಿತು. ನಾಲ್ವರು ಉಪಾಧ್ಯಕ್ಷರಲ್ಲಿ ಹೌರಾನಿ ಒಬ್ಬರು. ಹಮಾದ ಸಣ್ಣ ವಕೀಲರು ಏರಿದ ಅತಿ ಎತ್ತರದ ಮೆಟ್ಟಿಲು ಅದು, ಕೆಳಗೆ ನೆಲ ಇಲ್ಲದ ಮೆಟ್ಟಿಲು.

ಒಕ್ಕಲಮಗಳು:

ಮೆಟ್ಟಿಲಿನ ಮೇಲೆ ನಿಂತು ಅವರು ಮಾಡಿಸಿದ್ದನ್ನು ಹೇಳದೆ ಮುಂದೆ ಹೋಗಬೇಡಿ. 1958ರ ಸೆಪ್ಟೆಂಬರಿನಲ್ಲಿ ಸಿರಿಯಾಕ್ಕೆ ಭೂಸುಧಾರಣೆ ಕಾನೂನು ಬಂತು. ನೀರಾವರಿ ಜಮೀನಿಗೆ ಒಬ್ಬನಿಗೆ 80 ಹೆಕ್ಟೇರ್, ಮಳೆಯಾಶ್ರಿತಕ್ಕೆ 300 ಹೆಕ್ಟೇರ್ ಮಿತಿ. ನಮ್ಮ ಲೆಕ್ಕದಲ್ಲಿ ಸುಮಾರು ಇನ್ನೂರು ಎಕರೆ ತರಿ, ಏಳುನೂರಕ್ಕೂ ಹೆಚ್ಚು ಎಕರೆ ಖುಷ್ಕಿ. ನಮಗೆ ಇದೇ ದೊಡ್ಡ ಜಮೀನ್ದಾರಿಕೆ ಅನ್ನಿಸುತ್ತದೆ, ಆದರೆ ಹಳ್ಳಿಗಟ್ಟಲೆ ಇಟ್ಟುಕೊಂಡಿದ್ದವರಿಗೆ ಅದು ಸಿಡಿಲು. ಜಾರಿ ಮಾಡಿದ ಮಂತ್ರಿ ಯಾರು ಗೊತ್ತೇ? ರೇಡಿಯೋ ಕೇಂದ್ರ ಹಿಡಿದ ಅದೇ ಮುಸ್ತಫಾ ಹಮ್ದೂನ್. ದುರದೃಷ್ಟಕ್ಕೆ ಅದೇ ವರ್ಷ ಶುರುವಾದ ಬರ ಮೂರು ವರ್ಷ ಬಿಡಲಿಲ್ಲ. ಕೈಗೆ ಹೊಲ ಬಂತು, ಮಳೆ ಬರಲಿಲ್ಲ.

ಮುಂಜಾವು:

ಹಾಗಾದರೆ 1961ರಲ್ಲಿ ಸಿರಿಯಾ ಒಕ್ಕೂಟದಿಂದ ಹೊರಬಂದಾಗ ಅದನ್ನು ಬೆಂಬಲಿಸಿ ಹೌರಾನಿ ಸಹಿ ಹಾಕಿದ್ದು ಏಕೆ? ನನಗೆ ಇದು ಅರ್ಥವಾಗಲಿಲ್ಲ. ಒಕ್ಕೂಟ ಮುರಿದವರಲ್ಲಿ ಜಮೀನ್ದಾರರೂ ವ್ಯಾಪಾರಿಗಳೂ ಇದ್ದರಲ್ಲ?

ತಕರಾರು:

ಇದಕ್ಕೆ ನಾನೇ ಉತ್ತರಿಸುತ್ತೇನೆ, ಮತ್ತು ಈ ಸಲ ಆತನ ಪರವಾಗಿ.

ಉಪಾಧ್ಯಕ್ಷ ಪದವಿ ಕೊಟ್ಟು ಹೌರಾನಿಯನ್ನು ಕೈರೋದಲ್ಲಿ ಕೂರಿಸಿದರು. ಸಿರಿಯಾದಲ್ಲಿ ನಡೆಯುತ್ತಿದ್ದುದೆಲ್ಲ ಅಬ್ದುಲ್ ಹಮೀದ್ ಸರ್ರಾಜ್ ಎಂಬ ಗುಪ್ತಚರ ಅಧಿಕಾರಿಯ ಕೈಯಲ್ಲಿ. (ಆತನೂ ಹಮಾದವನೇ. ಈ ಊರಿನ ಕುಡಿಯುವ ನೀರಿನಲ್ಲಿ ಏನಿತ್ತೋ!) 1959ರ ಅಕ್ಟೋಬರಿನಲ್ಲಿ ನಾಸರ್ ತಮ್ಮ ಆಪ್ತ ಅಬ್ದುಲ್ ಹಕೀಂ ಅಮೇರ್ ಅವರನ್ನು ಸಿರಿಯಾ ನೋಡಿಕೊಳ್ಳಲು ಕಳಿಸಿದರು. ಡಿಸೆಂಬರಿನಲ್ಲಿ ಹೌರಾನಿ, ಬಿತಾರ್, ಹಮ್ದೂನ್ ಮೊದಲಾದವರು ರಾಜೀನಾಮೆ ಕೊಟ್ಟು ಹೊರಬಂದರು. ಇಪ್ಪತ್ತು ವರ್ಷದ ರಾಜಕೀಯದಲ್ಲಿ ಅಧಿಕಾರವನ್ನು ಕೈಯಾರೆ ಬಿಟ್ಟು ಬಂದ ಈ ಗಳಿಗೆಗೆ ನಾನು ಅಂಕ ಕೊಡುತ್ತೇನೆ.

1961ರ ಸೆಪ್ಟೆಂಬರ್ 28ರಂದು ಸೈನ್ಯ ಒಕ್ಕೂಟ ಮುರಿಯಿತು. ಅಕ್ಟೋಬರ್ 2ರ ಬೆಂಬಲ ಪತ್ರಕ್ಕೆ ಹೌರಾನಿ ಸಹಿ ಹಾಕಿದ, ಬಿತಾರ್ ಕೂಡ ಹಾಕಿದ. ಬಿತಾರ್ ಆಮೇಲೆ ಸಹಿ ಹಿಂದಕ್ಕೆ ಪಡೆದ. ಅರಬ್ ಐಕ್ಯವನ್ನೇ ಮಂತ್ರ ಮಾಡಿಕೊಂಡ ಪಕ್ಷದಲ್ಲಿದ್ದು ಅಂಥ ಸಹಿ ಹಾಕುವುದೆಂದರೆ ಗುಡಿಯಲ್ಲಿ ನಿಂತು ದೇವರಿಲ್ಲ ಎಂದಂತೆ. ಹೌರಾನಿ ಹಿಂದೆ ಸರಿಯಲಿಲ್ಲ, ನಾಸರ್ ವಿರುದ್ಧ ಇನ್ನೂ ಗಟ್ಟಿಯಾಗಿ ಮಾತಾಡಿದ. ಡಿಸೆಂಬರಿನಲ್ಲಿ ಹಮಾ ಆತನನ್ನು ಮತ್ತೆ ಗೆಲ್ಲಿಸಿತು. 1962ರಲ್ಲಿ ಬಾಥ್ ಜೊತೆಗಿನ ನಂಟು ಕಡಿಯಿತು, ತನ್ನ ಹಳೆಯ ಅರಬ್ ಸಮಾಜವಾದಿ ಪಕ್ಷಕ್ಕೆ ಮರಳಿದ. ಪಕ್ಕದಲ್ಲಿ ಜಮೀನ್ದಾರ ನಿಂತಿದ್ದನೆಂಬುದು ನಿಜ. ಆದರೆ ಉಪಾಧ್ಯಕ್ಷನಾಗಿ ಒಳಗಿನಿಂದ ನೋಡಿದವನಿಗೆ ಪೊಲೀಸ್ ರಾಜ್ಯದ ವಾಸನೆ ಬಿತಾರ್‌ಗಿಂತ ಚೆನ್ನಾಗಿ ಬಡಿದಿತ್ತು. ತಡವಾಗಿ ಬಡಿಯಿತು ಎಂಬುದಷ್ಟೇ ನನ್ನ ತಕರಾರು.

ನೀರಗಂಟಿ:

ವಕೀಲರು ಎದುರು ಕಕ್ಷಿಯ ಕೆಲಸವನ್ನೂ ಮಾಡಿಕೊಟ್ಟರು, ವಂದನೆ. ಉಳಿದದ್ದನ್ನು ನಾನು ಮುಗಿಸುತ್ತೇನೆ.

ಒಕ್ಕೂಟದ ದಿನಗಳಲ್ಲಿ ಈಜಿಪ್ಟಿಗೆ ವರ್ಗವಾಗಿದ್ದ ಕೆಲವು ಸಿರಿಯಾ ಸೈನ್ಯಾಧಿಕಾರಿಗಳು ಅಲ್ಲೇ ಗುಟ್ಟಾಗಿ ಒಂದು ಸೈನಿಕ ಸಮಿತಿ ಕಟ್ಟಿಕೊಂಡಿದ್ದರು. ಮುಹಮ್ಮದ್ ಉಮ್ರಾನ್, ಸಲಾಹ್ ಜದೀದ್, ಹಾಫಿಜ್ ಅಸಾದ್ ಅದರಲ್ಲಿದ್ದವರು. ಬಾಥ್ ಪಕ್ಷದವರೇ, ಆದರೆ ಪಕ್ಷವನ್ನು ವಿಸರ್ಜಿಸಲು ಒಪ್ಪಿದ ಹಿರಿಯರ ಮೇಲೆ ಕೆಂಡ ಕಾರುತ್ತಿದ್ದವರು. ಹೆಚ್ಚಿನವರು ಹಳ್ಳಿಗಾಡಿನ ಮನೆಗಳಿಂದ ಬಂದವರು, ಹೋಮ್ಸ್ ಶಾಲೆಯ ಬಾಗಿಲಿನಿಂದ ಒಳಗೆ ಬಂದವರು. ಇವರು ಹೌರಾನಿಯವರ ಶಿಷ್ಯರಲ್ಲ, ಅದನ್ನು ಸ್ಪಷ್ಟಪಡಿಸಬೇಕು. ಅಸಾದ್ ಲಟಾಕಿಯಾ ಸೀಮೆಯವರು, ಅಲ್ಲಿನ ಬಾಥ್ ಪರಂಪರೆಯೇ ಬೇರೆ. ಆದರೆ ಬಡವನ ಮಗನಿಗೆ ಅಧಿಕಾರಕ್ಕೆ ಹೋಗುವ ದಾರಿ ಬ್ಯಾರಕ್ಕಿನ ಮೂಲಕ ಇದೆ ಎಂದು ಸಿರಿಯಾಕ್ಕೆ ಮೊದಲು ತೋರಿಸಿದವರಲ್ಲಿ ಹೌರಾನಿ ಮುಖ್ಯರು. ಕಡಲಕರೆ ಅವರ ಮಾತು ವಿಷಯದ ಹೊರಗಿನದಲ್ಲ ಎಂದೆನಲ್ಲ, ಇದಕ್ಕೇ. ಆ ಹೆಂಗಸರ ಸಿಟ್ಟು ಪೂರ್ತಿ ಸುಳ್ಳಲ್ಲ.

1963ರ ಮಾರ್ಚ್ 8ರಂದು ಬಾಥ್ ಅಧಿಕಾರಿಗಳು ಅಧಿಕಾರ ಹಿಡಿದರು. ಒಕ್ಕೂಟ ಮುರಿದವರೆಂಬ ಹಣೆಪಟ್ಟಿ ಹಚ್ಚಿ ಹಳೆಯ ರಾಜಕಾರಣಿಗಳ ನಾಗರಿಕ ಹಕ್ಕುಗಳನ್ನೇ ಕಿತ್ತುಕೊಂಡರು. ಹೌರಾನಿ ಆ ಪಟ್ಟಿಯಲ್ಲಿದ್ದರು. ಸೆರೆಮನೆ, ಆಮೇಲೆ ದೇಶದ ಹೊರಗೆ. ಲೆಬನಾನ್, ಇರಾಕ್, ಫ್ರಾನ್ಸ್, ಕೊನೆಗೆ ಜೋರ್ಡಾನ್.

ಅವರೊಬ್ಬರೇ ಅಲ್ಲ. ಐದು ಬಾರಿ ಪ್ರಧಾನಿಯಾಗಿದ್ದ ಖಾಲಿದ್ ಅಲ್-ಅಜ್ಮ್ 1965ರಲ್ಲಿ ಬೈರೂತಿನಲ್ಲಿ ತೀರಿಕೊಂಡರು. 1957ರಲ್ಲಿ ಸಭಾಧ್ಯಕ್ಷ ಸ್ಥಾನಕ್ಕೆ ಹೌರಾನಿಯವರ ಎದುರು ಸೋತ ನಾಜಿಂ ಅಲ್-ಖುದ್ಸಿ ಮುಂದೆ ರಾಷ್ಟ್ರಾಧ್ಯಕ್ಷರಾಗಿ 1963ರಲ್ಲಿ ಪದಚ್ಯುತರಾದರು, ಅವರೂ ಅಮ್ಮಾನಿನಲ್ಲೇ 1998ರಲ್ಲಿ ಸತ್ತರು. ಶಿಶಕ್ಲಿಯನ್ನು 1964ರಲ್ಲಿ ಬ್ರೆಜಿಲ್‌ನಲ್ಲಿ ಹುಡುಕಿ ಹೋಗಿ ಕೊಂದರು. ಹೌರಾನಿಯವರನ್ನು ಹೊರಗಟ್ಟಿದ ಮೂರೇ ವರ್ಷಕ್ಕೆ ಅದೇ ಸೈನ್ಯಾಧಿಕಾರಿಗಳು ಅಫ್ಲಾಕ್ ಮತ್ತು ಬಿತಾರ್ ಇಬ್ಬರನ್ನೂ ಓಡಿಸಿದರು. ಬಿತಾರ್ 1980ರಲ್ಲಿ ಪ್ಯಾರಿಸ್ಸಿನಲ್ಲಿ ಗುಂಡಿಗೆ ಬಲಿಯಾದರು. ಅಫ್ಲಾಕ್ ಸಮಾಧಿ ಆದದ್ದು ಬಾಗ್ದಾದಿನಲ್ಲಿ.

ಮುಂಜಾವು:

ಒಂದೇ ಪಕ್ಷದ ಮೂವರು ಹಿರಿಯರಲ್ಲಿ ಒಬ್ಬರಿಗೂ ಸ್ವಂತ ನೆಲದಲ್ಲಿ ಮಣ್ಣು ಸಿಗಲಿಲ್ಲ ಎಂದಾಯಿತು. ಪರೀಕ್ಷೆಯ ಪುಸ್ತಕದಲ್ಲಿ ಇದಕ್ಕೆ ಅರ್ಧ ಸಾಲು ಇತ್ತು, ಮೇಷ್ಟ್ರೇ.

ಒಕ್ಕಲಮಗಳು:

ಭೂಸುಧಾರಣೆ ಮಾತ್ರ ಉಳಿಯಿತು ನೋಡಿ. 1962ರಲ್ಲಿ ಅದನ್ನು ಸಡಿಲಿಸಲು ಹೊರಟರು, ಆಗಲಿಲ್ಲ. ಹೌರಾನಿಯವರನ್ನು ಓಡಿಸಿದ ಬಾಥ್ ಸರ್ಕಾರವೇ 1963ರಲ್ಲಿ ಮಿತಿಯನ್ನು ಇನ್ನೂ ಇಳಿಸಿತು. ಕಾನೂನಿಗೆ ತಂದೆ ಯಾರೆಂದು ಹೊಲಕ್ಕೆ ಗೊತ್ತಿರುವುದಿಲ್ಲ.

ತಕರಾರು:

ತಂದೆ ಯಾರೆಂದು ಪಿಸ್ತೂಲಿಗೂ ಗೊತ್ತಿರುವುದಿಲ್ಲ, ತಾಯಿ.

ಕಡಲಕರೆ:

ನೀವಿಬ್ಬರೂ ಇನ್ನು ನಿಲ್ಲಿಸುವುದಿಲ್ಲ ಎಂದು ಗೊತ್ತಾಯಿತು. ಹೌರಾನಿ ತಮ್ಮ ನೆನಪುಗಳನ್ನು ಬರೆದಿಟ್ಟಿದ್ದರು, ಸತ್ತ ನಾಲ್ಕು ವರ್ಷಕ್ಕೆ ಕೈರೋದಲ್ಲಿ ನಾಲ್ಕು ದಪ್ಪ ಸಂಪುಟಗಳಾಗಿ ಅಚ್ಚಾದವು. ಹೌದು, ಅದೇ ಕೈರೋ. ನಮ್ಮ ಲೆಕ್ಕದ ಹಿರಿಯರು ನಾನು ಊರಿಗೆ ಹೊರಡುವಾಗ ಮೊದಲ ಸಂಪುಟವನ್ನು ಚೀಲಕ್ಕೆ ತುರುಕಿದ್ದರು. ಅಟ್ಟದಿಂದ ಇಳಿಸಿ ಧೂಳು ಒರೆಸಿದ್ದೇನೆ. ನನ್ನ ಅರಬ್ಬಿ ಔಷಧದ ಚೀಟಿ ಓದುವಷ್ಟೇ, ದಿನಕ್ಕೆ ಎರಡು ಪುಟ ಸಾಗಿದರೆ ಹೆಚ್ಚು. ಸದ್ಯಕ್ಕೆ ಹಮಾದ ಬಾಲ್ಯದಲ್ಲಿದ್ದೇನೆ. 1943ಕ್ಕೆ ತಲುಪಿದ ಮೇಲೆ ಇಲ್ಲಿ ಬರೆಯುತ್ತೇನೆ, ನಿರ್ವಾಹಕರು ಅಲ್ಲಿಯವರೆಗೆ ಈ ಎಳೆಯನ್ನು ಮುಚ್ಚದಿರಲಿ.